ಇಳಿಜಾರಿನ ಸೈಟಿನಲ್ಲಿ ಮಳೆನೀರಿನ ದೋಷ ಹುಡುಕುವುದು: ಕೊಡಗಿನಲ್ಲಿ ಕಟ್ಟಿಸುವವರಿಗೊಂದು ಕೈಪಿಡಿ

ತಡೆಗೋಡೆ ಉಬ್ಬಿದೆ. ಬರೆ, ಅಂದರೆ ಗುಡ್ಡ ಕಡಿದ ಕಡಿದಾದ ಬದಿ, ಜರಿದಿದೆ. ಚರಂಡಿ ಉಕ್ಕಿ ನೀರು ರಸ್ತೆಗೆ ಬಂದಿದೆ. ಕೆಳಗಿನವರ ಗದ್ದೆಗೆ ಕೆಂಪು ನೀರು ನುಗ್ಗಿದೆ. ಕೊಡಗಿನಲ್ಲಿ ಮನೆಯೋ, ಹೋಂಸ್ಟೇಯೋ, ಲೇಔಟೋ ಮಾಡಿಸುವವರಿಗೆ ಮಳೆಗಾಲ ಹಿಡಿದರೆ ಇವುಗಳಲ್ಲಿ ಒಂದಾದರೂ ಎದುರಾಗುತ್ತದೆ. ಆಗ ಹೆಚ್ಚಿನವರು ಬಿದ್ದ ಜಾಗವನ್ನೇ ರಿಪೇರಿ ಮಾಡಿಸುತ್ತಾರೆ. ಗೋಡೆ ಬಿದ್ದರೆ ಇನ್ನೂ ದಪ್ಪದ ಗೋಡೆ, ಬರೆ ಜರಿದರೆ ಮರಳು ಚೀಲ. ಮುಂದಿನ ಮಳೆಗೆ ಅದೇ ಜಾಗ, ಇಲ್ಲವೇ ಅದರ ಪಕ್ಕದ ಜಾಗ ಮತ್ತೆ ಬೀಳುತ್ತದೆ.

ಇಳಿಜಾರಿನಲ್ಲಿ ಹಾನಿ ಕಾಣುವುದು ಕೆಳಗೆ, ಕಾರಣ ಇರುವುದು ಮೇಲೆ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಹುಡುಕಿದರೆ ಅರ್ಧ ಕೆಲಸ ಮುಗಿದ ಹಾಗೆ. ನೀರು ಎಲ್ಲಿಂದ ಬಂತು, ಎಷ್ಟು ಬಂತು, ಮಣ್ಣಿನ ಮೇಲೆ ಬಂತೋ ಒಳಗಿನಿಂದ ಬಂತೋ ಎಂಬುದು ಗೊತ್ತಾಗುವವರೆಗೆ ಸಿಮೆಂಟಿಗೆ ದುಡ್ಡು ಹಾಕಬೇಡಿ.

ಬೇರೆ ಊರಿನ ಪ್ಲಾನನ್ನು ಇಲ್ಲಿಗೆ ಹಾಗೇ ತಂದರೆ ನಡೆಯುವುದಿಲ್ಲ. ಜಿಲ್ಲೆಯ ಒಳಗೇ ಎಷ್ಟು ವ್ಯತ್ಯಾಸ ನೋಡಿ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ. ಭಾಗಮಂಡಲದ ಕಡೆ ಅದರ ದುಪ್ಪಟ್ಟಿನ ಹತ್ತಿರಕ್ಕೆ ಹೋಗುತ್ತದೆ. ಕುಶಾಲನಗರಕ್ಕೆ ಇಳಿದರೆ ಮಡಿಕೇರಿಯ ಅರ್ಧವೂ ಇಲ್ಲ. ಕುಶಾಲನಗರದಲ್ಲಿ ಚೆನ್ನಾಗಿ ಕೆಲಸ ಮಾಡಿದ ಚರಂಡಿಯ ಅಳತೆಯನ್ನೇ ಮಡಿಕೇರಿ ಪಕ್ಕದ ಗಾಳಿಬೀಡಿನ ಸೈಟಿಗೆ ಹಾಕಿದರೆ ಅದು ಜೂನ್ ತಿಂಗಳನ್ನೂ ದಾಟುವುದಿಲ್ಲ.

ಹುಡುಕುವ ಮೊದಲು: ಜಾಗ ಬಿಡಬೇಕಾದ ಲಕ್ಷಣಗಳು

ಕೆಲವು ಲಕ್ಷಣ ಕಂಡರೆ ದೋಷ ಹುಡುಕುತ್ತಾ ನಿಲ್ಲಬಾರದು. ಬರೆಯ ಮೇಲಂಚಿನ ಹಿಂದೆ ಅಡ್ಡಕ್ಕೆ ಹೊಸ ಬಿರುಕು ಬಿದ್ದು, ಅದು ಗಂಟೆಗಂಟೆಗೆ ಅಗಲವಾಗುತ್ತಿದ್ದರೆ. ತಿಳಿಯಾಗಿ ಬರುತ್ತಿದ್ದ ಒರತೆಯ ನೀರು ಇದ್ದಕ್ಕಿದ್ದಂತೆ ಕೆಸರಾದರೆ, ಅಥವಾ ಮಳೆ ಸುರಿಯುತ್ತಿರುವಾಗಲೇ ನಿಂತುಹೋದರೆ. ಸಿಲ್ವರ್ ಓಕ್ ಮರಗಳು, ಕರೆಂಟ್ ಕಂಬಗಳು ವಾಲತೊಡಗಿದರೆ. ನಿನ್ನೆವರೆಗೆ ಸರಾಗವಾಗಿ ಹಾಕುತ್ತಿದ್ದ ಬಾಗಿಲು ಇವತ್ತು ಚೌಕಟ್ಟಿಗೆ ಸಿಕ್ಕಿಕೊಂಡರೆ. ಇವೆಲ್ಲ ನೆಲವೇ ಚಲಿಸುತ್ತಿದೆ ಎಂಬುದರ ಸೂಚನೆ. ಮನೆಯವರನ್ನು, ಲೈನ್‌ಮನೆಯ ಕೆಲಸದವರನ್ನು ಮೊದಲು ಹೊರಗೆ ಕರೆದುಕೊಂಡು ಬನ್ನಿ. ಕೆಳಗಿನ ಮನೆಯವರಿಗೂ ಹೇಳಿ. ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಅಥವಾ ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಿ. ಸಾಮಾನು ತರಲು ಒಳಗೆ ಹೋಗುವುದು ಬೇಡ.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ, ಹೆಬ್ಬೆಟ್ಟಗೇರಿ ಕಡೆ ಆದದ್ದನ್ನು ನಾವ್ಯಾರೂ ಮರೆತಿಲ್ಲ. ಆಮೇಲೆ ಬಂದು ಅಧ್ಯಯನ ಮಾಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಭಾರೀ ಮಳೆಯ ಜೊತೆಗೆ ರಸ್ತೆಗೂ ಕಟ್ಟಡಗಳಿಗೂ ಇಳಿಜಾರು ಕಡಿದದ್ದನ್ನೂ ಕಾರಣವಾಗಿ ಹೇಳಿತು. ಮಳೆ ನಮ್ಮ ಕೈಯಲ್ಲಿಲ್ಲ. ಕಡಿದ ಜಾಗದಲ್ಲಿ ನೀರು ಏನಾಗುತ್ತದೆ ಎಂಬುದು ಮಾತ್ರ ಪೂರ್ತಿ ನಮ್ಮ ಕೈಯಲ್ಲಿದೆ.

ಮೊದಲ ಪ್ರಶ್ನೆ: ಹಾನಿ ಯಾವಾಗ ಆಯಿತು?

ಯಾರಾದರೂ ಫೋನ್ ಮಾಡಿ "ಬರೆ ಬಿತ್ತು" ಎಂದರೆ ನಾನು ಮೊದಲು ಕೇಳುವುದು ಇದನ್ನೇ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ, ಅಥವಾ ಮಳೆ ಜೋರಾದ ಅರ್ಧ ಗಂಟೆಯೊಳಗೆ ಆಗಿದ್ದರೆ ಅದು ಮೇಲ್ಮೈ ನೀರಿನ ಕೆಲಸ. ಮಣ್ಣಿನ ಒಳಗೆ ಇಳಿಯಲು ನೀರಿಗೆ ಅಷ್ಟು ಹೊತ್ತು ಸಿಕ್ಕೇ ಇಲ್ಲ. ಹರಿದು ಕೊರೆದಿದೆ, ಅಷ್ಟೆ. ಬರೆಯ ಮೈಮೇಲೆ ಬೆರಳು ಗಾತ್ರದ ಕಾಲುವೆಗಳು, ಚರಂಡಿಯ ಪಕ್ಕದ ಕೊರಕಲು, ತುಂಬಿ ನಿಂತ ಹೂಳು ಇವುಗಳೇ ಅದರ ಗುರುತು.

ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ನಾಲ್ಕೈದು ದಿನ ಬಿಡದೆ ಸುರಿದ ಮೇಲೆ, ಅದರಲ್ಲೂ ಮಳೆ ಸ್ವಲ್ಪ ಕಡಿಮೆಯಾದ ಮೇಲೆ ಬಿದ್ದಿದ್ದರೆ ಒಳಗಿನ ನೀರನ್ನು ಅನುಮಾನಿಸಿ. ನಮ್ಮಲ್ಲಿ ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಕೊಳೆತ ಕಲ್ಲು, ಅದರ ಕೆಳಗೆ ಬಂಡೆ. ನೀರು ಇಳಿದು ಇಳಿದು ಗಟ್ಟಿ ಪದರದ ಮೇಲೆ ನಿಲ್ಲುತ್ತದೆ. ಮೇಲಿನ ಮಣ್ಣು ಅದರ ಮೇಲೆ ಜಾರುತ್ತದೆ. ಈ ತರದ ಕುಸಿತದಲ್ಲಿ ಮಣ್ಣು ಹೆಂಟೆ ಹೆಂಟೆಯಾಗಿ, ಮೇಲಿನ ಹುಲ್ಲು, ಕಾಫಿ ಗಿಡದ ಸಮೇತ ಕೆಳಗೆ ಬಂದಿರುತ್ತದೆ. ಕಿತ್ತು ಬಂದ ಜಾಗದ ಬುಡದಲ್ಲಿ ಒದ್ದೆ ಗೆರೆ ಕಾಣುತ್ತದೆ.

ಈ ಎರಡಕ್ಕೂ ಮದ್ದು ಬೇರೆ ಬೇರೆ. ಮೇಲ್ಮೈ ನೀರಿಗೆ ಚರಂಡಿ, ಹೊದಿಕೆ ಸಾಕು. ಒಳಗಿನ ನೀರಿಗೆ ಅವು ಸಾಲುವುದಿಲ್ಲ, ಒಳಗಿಂದ ಹೊರಗೆ ಬರಲು ದಾರಿ ಮಾಡಿಕೊಡಬೇಕು. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ದುಡ್ಡು ಹೋಗುತ್ತದೆ, ದೋಷ ಉಳಿಯುತ್ತದೆ.

ಮೂರನೆಯದೂ ಒಂದಿದೆ. ಒದ್ದೆ ಜನವರಿಯಲ್ಲೂ ಒಣಗುವುದಿಲ್ಲ ಎಂದಾದರೆ ಅದು ಮಳೆನೀರೇ ಅಲ್ಲದಿರಬಹುದು. ಮೇಲೆ ಒಡೆದ ನೀರಿನ ಪೈಪು, ಟ್ಯಾಂಕಿನ ಸೋರಿಕೆ, ಟಾಯ್ಲೆಟ್ ಗುಂಡಿ ಇವುಗಳನ್ನು ನೋಡಿ. ಟ್ಯಾಂಕಿನ ವಾಲ್ವ್ ರಾತ್ರಿ ಬಂದ್ ಮಾಡಿ ಬೆಳಗ್ಗೆ ಮಟ್ಟ ಇಳಿದಿದೆಯಾ ನೋಡಬಹುದು. ಟಾಯ್ಲೆಟ್ ಮೇಲೆ ಅನುಮಾನವಿದ್ದರೆ ಅಡುಗೆಗೆ ಹಾಕುವ ಬಣ್ಣವನ್ನು ಗಟ್ಟಿಯಾಗಿ ಕಲಸಿ ಸುರಿದು, ಕೆಳಗಿನ ಒರತೆಯನ್ನು ಒಂದೆರಡು ದಿನ ಗಮನಿಸಿ. ಬಣ್ಣ ಬರಲಿಲ್ಲ ಎಂದ ಮಾತ್ರಕ್ಕೆ ಸೋರಿಕೆ ಇಲ್ಲ ಎಂದಲ್ಲ, ಮಣ್ಣು ಬಣ್ಣವನ್ನು ಹೀರಿಕೊಂಡಿರಬಹುದು. ಬಂದರೆ ಮಾತ್ರ ಅನುಮಾನಕ್ಕೆ ಜಾಗವಿಲ್ಲ.

ಎಷ್ಟು ನೀರು? ಕಾಗದ, ಪೆನ್ನು ತೆಗೆದುಕೊಳ್ಳಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ನಾನು ನೋಡಿದ ಚರಂಡಿ ದೋಷಗಳಲ್ಲಿ ಹೆಚ್ಚಿನವು ಈ ಲೆಕ್ಕ ಹಾಕದೇ ಇದ್ದದ್ದರಿಂದ ಆದವು. ಲೆಕ್ಕ ಕಷ್ಟದ್ದೇನಲ್ಲ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಸೆಂಟ್ ಅಂದರೆ ಸುಮಾರು 40 ಚದರ ಮೀಟರ್.

ಹತ್ತು ಸೆಂಟ್ ಸೈಟು ಎಂದುಕೊಳ್ಳಿ, 405 ಚದರ ಮೀಟರ್. ಪೂರ್ತಿ ಚಾವಣಿ, ಕಾಂಕ್ರೀಟ್ ಅಂಗಳ. ಮಳೆ ಗಂಟೆಗೆ 60 ಮಿ.ಮೀ. ವೇಗದಲ್ಲಿ ಬರುತ್ತಿದೆ ಎಂದು ಹಿಡಿಯೋಣ. ಕಾಂಕ್ರೀಟಿನ ಮೇಲೆ ಬಿದ್ದದ್ದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹರಿದೇ ಹೋಗುತ್ತದೆ. ಅಲ್ಲಿಗೆ ಸೆಕೆಂಡಿಗೆ ಸುಮಾರು 6 ಲೀಟರ್. ಇದನ್ನು ನೋಡಿ "ನಾಲ್ಕಿಂಚಿನ ಪೈಪ್ ಸಾಕು" ಎಂದು ಮೇಸ್ತ್ರಿ ಹೇಳುತ್ತಾರೆ. ನೂರಡಿಗೆ ಒಂದಡಿ ಇಳಿಜಾರು ಕೊಟ್ಟ ನಾಲ್ಕಿಂಚಿನ ಪೈಪ್ ಸೆಕೆಂಡಿಗೆ ಸುಮಾರು 7 ಲೀಟರ್ ಒಯ್ಯುತ್ತದೆ. ಲೆಕ್ಕ ಸರಿ ಬಂತಲ್ಲ?

ಬರಲಿಲ್ಲ. ಸೈಟಿನ ಮೇಲಿರುವ ತೋಟವನ್ನು ಯಾರೂ ಎಣಿಸಲಿಲ್ಲ. ಮೇಲೆ 40 ಸೆಂಟ್ ಕಾಫಿ ತೋಟದ ನೀರು ಈ ಸೈಟಿನ ಮೇಲೇ ಇಳಿಯುತ್ತದೆ ಅಂದುಕೊಳ್ಳಿ. ಮಣ್ಣು ಒಣಗಿರುವ ಮೇ ತಿಂಗಳಲ್ಲಿ ತೋಟ ಬಿದ್ದದ್ದರಲ್ಲಿ ಮೂರು ಪಾಲು ಹರಿಸಿ ಏಳು ಪಾಲು ಕುಡಿಯುತ್ತದೆ ಎಂದರೂ ಸೆಕೆಂಡಿಗೆ 8 ಲೀಟರ್. ಜುಲೈನಲ್ಲಿ ಅದೇ ಮಣ್ಣು ತಣಿದಿರುತ್ತದೆ, ಆರು ಪಾಲು ಹರಿಸುತ್ತದೆ ಎಂದರೆ 16 ಲೀಟರ್. ಸೈಟಿನದ್ದೂ ಸೇರಿ 22. ನಾಲ್ಕಿಂಚಿನ ಪೈಪಿಗೆ ಇದು ಮೂರು ಪಟ್ಟು. ಆರಿಂಚಿನ ಪೈಪಿಗೂ ಕಷ್ಟವೇ, ಅದು 20ರ ಹತ್ತಿರಕ್ಕೆ ತುಂಬಿಬಿಡುತ್ತದೆ.

ಅದೇ ಒಂದಡಿ ಅಗಲ, ಒಂದಡಿ ಆಳದ ತೆರೆದ ಕಾಂಕ್ರೀಟ್ ಚರಂಡಿ ಮಾಡಿ, ಅದೇ ಇಳಿಜಾರು ಕೊಟ್ಟರೆ, ಎಂಟಿಂಚು ನೀರು ಹರಿದಾಗಲೇ ಸೆಕೆಂಡಿಗೆ 70 ಲೀಟರಿಗೂ ಜಾಸ್ತಿ ಹೋಗುತ್ತದೆ. ತರಗೆಲೆ ಕಟ್ಟಿದರೆ ಕೈಯಲ್ಲೇ ತೆಗೆಯಬಹುದು. ಕೊಡಗಿನಲ್ಲಿ ಮುಚ್ಚಿದ ಪೈಪಿಗಿಂತ ತೆರೆದ ಚರಂಡಿಯೇ ಮೇಲು ಎಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ. ನೋಡಲು ಚೆನ್ನಾಗಿರುವುದಿಲ್ಲ ಎಂದು ಕೆಲವರು ಬೇಸರ ಮಾಡಿಕೊಳ್ಳುತ್ತಾರೆ. ಇರಲಿ, ಮೇಲೆ ಸರಳಿನ ಜಾಲರಿ ಹಾಕಿಸಿ.

ಹಾಗಾಗಿ ಎರಡನೇ ಕೆಲಸ, ಸೈಟಿನ ಮೇಲಕ್ಕೆ ನಡೆದು ಹೋಗುವುದು. ಗಡಿ ಕಲ್ಲಿನವರೆಗೆ ಅಲ್ಲ, ನೀರು ಎರಡು ಕಡೆಗೆ ಒಡೆಯುವ ದಿಣ್ಣೆಯವರೆಗೆ. ಮೇಲಿನವರ ಒಪ್ಪಿಗೆ ಕೇಳಿ ಹೋಗಿ. ದಾರಿಯಲ್ಲಿ ಹೊಸದಾಗಿ ಜೆಸಿಬಿ ಹೋದ ತೋಟದ ರಸ್ತೆ ಇದೆಯಾ? ಹೊಸ ಕಾಫಿ ಕಣ ಆಗಿದೆಯಾ? ನೀರು ಇಂಗಲೆಂದು ಕಾಫಿ ಗಿಡಗಳ ನಡುವೆ ತೋಡಿದ ತೊಟ್ಟಿಲು ಗುಂಡಿಗಳು ಮಣ್ಣು ತುಂಬಿ ಮುಚ್ಚಿವೆಯಾ? ಮೊದಲು ಹತ್ತು ಕಡೆ ಹಂಚಿ ಇಳಿಯುತ್ತಿದ್ದ ನೀರನ್ನು ಒಂದು ತೋಟದ ರಸ್ತೆ ಒಟ್ಟುಗೂಡಿಸಿ ನಿಮ್ಮ ಬರೆಯ ತಲೆಗೆ ತಂದು ಬಿಡಬಹುದು. ಇಂಥ ಕಡೆ ನಿಮ್ಮ ಸೈಟಿನಲ್ಲಿ ಏನೇ ಕಟ್ಟಿದರೂ ಅಷ್ಟಕ್ಕಷ್ಟೆ. ಆ ರಸ್ತೆಗೆ ಅಲ್ಲಲ್ಲಿ ಅಡ್ಡಗಾಲುವೆ ಮಾಡಿ ನೀರನ್ನು ಮತ್ತೆ ತೋಟದೊಳಗೆ ಹಂಚಿದರೆ ಅರ್ಧ ದಿನದ ಕೆಲಸದಲ್ಲಿ ತಾಪತ್ರಯ ಮುಗಿಯುತ್ತದೆ.

ದೋಷ: ಸೈಟಿನಿಂದ ಕೆಂಪು ನೀರು ಹೋಗುತ್ತಿದೆ

ಖಾಲಿ ನೀರಿನ ಬಾಟಲಿ ತೆಗೆದುಕೊಂಡು ಸೈಟಿನಿಂದ ಹೊರಡುವ ನೀರನ್ನು ತುಂಬಿಸಿ. ಅಲುಗಾಡಿಸಿ ಕಿಟಕಿಯ ಹತ್ತಿರ ಇಡಿ. ಒಂದೆರಡು ನಿಮಿಷದಲ್ಲಿ ತಳಕ್ಕೆ ಕೂತದ್ದು ಮರಳು. ಮುಂದಿನ ಗಂಟೆಗಳಲ್ಲಿ ಅದರ ಮೇಲೆ ನುಣುಪಾದ ಪದರವಾಗಿ ಕೂರುವುದು ಹೂಳು. ಮರುದಿನ ಬೆಳಗ್ಗೆಯೂ ನೀರು ಚಹಾದ ಹಾಗೆ ಕೆಂಪಗೇ ಇದ್ದರೆ ಅದು ಜೇಡಿ.

ಈ ಬಾಟಲಿ ಹೇಳುವುದನ್ನು ಕೇಳಿ. ತಳದಲ್ಲಿ ಮರಳೇ ಜಾಸ್ತಿ ಇದ್ದರೆ ಚರಂಡಿಯ ಕೊನೆಗೆ ಒಂದು ಹೂಳಿನ ಗುಂಡಿ ಮಾಡಿದರೆ ಸಾಕು. ಜೇಡಿ ಇದ್ದರೆ ಗುಂಡಿಯಿಂದ ಪ್ರಯೋಜನವಿಲ್ಲ. ಜೇಡಿಯ ಕಣ ನಿಂತ ನೀರಿನಲ್ಲೂ ದಿನಕ್ಕೆ ಒಂದಡಿ ಇಳಿದರೆ ಹೆಚ್ಚು. ಗುಂಡಿಯಲ್ಲಿ ನೀರು ಹತ್ತು ನಿಮಿಷವೂ ನಿಲ್ಲುವುದಿಲ್ಲ. ಅಂದರೆ ಜೇಡಿಯನ್ನು ಕೆಳಗೆ ಹಿಡಿಯಲು ಆಗದು, ಮೇಲೆ ಎದ್ದೇಳದ ಹಾಗೆ ನೋಡಿಕೊಳ್ಳಬೇಕು. ಬಿಚ್ಚಿಟ್ಟ ಮಣ್ಣನ್ನು ಮುಚ್ಚಿ. ಭತ್ತದ ಹುಲ್ಲು ಹರಡಿ, ಕಡಿದಾದ ಜಾಗಕ್ಕೆ ತೆಂಗಿನ ನಾರಿನ ಬಲೆ ಹಾಸಿ ಗೂಟ ಹೊಡೆಯಿರಿ, ಮಣ್ಣಿನ ರಾಶಿಗೆ ಟಾರ್ಪಾಲ್ ಹೊದಿಸಿ. ಮಳೆಹನಿ ನೇರವಾಗಿ ಮಣ್ಣಿಗೆ ಹೊಡೆಯದಿದ್ದರೆ ಜೇಡಿ ಏಳುವುದೇ ಕಡಿಮೆ.

ಹಸಿರು ಶೇಡ್ ನೆಟ್ ಕಟ್ಟಿದ್ದೇವೆ, ಆದರೂ ಕೆಸರು ಹೋಗುತ್ತಿದೆ ಎನ್ನುವವರು ನೆಟ್ಟಿನ ಬುಡ ನೋಡಿ. ಬುಡವನ್ನು ಅರ್ಧ ಅಡಿ ಮಣ್ಣಿನಲ್ಲಿ ಹೂಳದಿದ್ದರೆ ನೀರು ಅಡಿಯಿಂದ ನುಸುಳುತ್ತದೆ. ಇಳಿಜಾರಿಗೆ ಅಡ್ಡವಾಗಿ, ಒಂದೇ ಮಟ್ಟದಲ್ಲಿ ಕಟ್ಟಬೇಕು. ಹರಿಯುವ ತೋಡಿಗೆ (ಸಣ್ಣ ಹಳ್ಳಕ್ಕೆ) ಅಡ್ಡ ಕಟ್ಟಿದರೆ ಮೊದಲ ಮಳೆಗೇ ಕಿತ್ತುಹೋಗುತ್ತದೆ. ಅಲ್ಲಿ ಬೇಕಿರುವುದು ಕಲ್ಲಿನ ಸಣ್ಣ ಒಡ್ಡು. ಒಡ್ಡಿನ ನಡುಭಾಗ ಎರಡು ಬದಿಗಿಂತ ಅರ್ಧ ಅಡಿ ತಗ್ಗಿರಲಿ. ಒಡ್ಡು ಗಟ್ಟಿಯಾಗೇ ನಿಂತು ಪಕ್ಕದ ದಂಡೆ ಕೊರೆದಿದ್ದರೆ, ನಡು ಎತ್ತರವಾಗಿದೆ ಎಂದೇ ಅರ್ಥ.

ಲಾರಿ ಚಕ್ರದಲ್ಲಿ ರಸ್ತೆಗೆ ಹೋಗುವ ಕೆಸರಿಗೆ ಸೈಟಿನ ಬಾಗಿಲಲ್ಲಿ ದಪ್ಪ ಜಲ್ಲಿ ಹಾಸಿ, 15 ಮೀಟರ್ ಉದ್ದಕ್ಕೆ. ಮಡಿಕೇರಿ-ಸಂಪಾಜೆ ರಸ್ತೆಯ ತಿರುವುಗಳಲ್ಲಿ ಬೈಕಿನವರ ಜೀವಕ್ಕೆ ಇದು ಅಪಾಯ, ದಯವಿಟ್ಟು ಅಸಡ್ಡೆ ಮಾಡಬೇಡಿ.

ದೋಷ: ತಡೆಗೋಡೆ ಉಬ್ಬಿದೆ, ಬಿರುಕು ಬಿಟ್ಟಿದೆ

ಮಣ್ಣಿನ ಭಾರಕ್ಕೆ ಗೋಡೆ ಬಿತ್ತು ಎನ್ನುತ್ತಾರೆ. ಹೆಚ್ಚಿನ ಸಲ ಬೀಳಿಸುವುದು ನೀರಿನ ಒತ್ತಡ. ಹತ್ತಡಿ ಎತ್ತರದ ಗೋಡೆಯ ಹಿಂದೆ ಒಣ ಮಣ್ಣಿದ್ದರೆ, ಪ್ರತಿ ಮೀಟರ್ ಉದ್ದಕ್ಕೆ ಸುಮಾರು 2.7 ಟನ್ ತಳ್ಳು. ಅದೇ ಮಣ್ಣಿನಲ್ಲಿ ನೀರು ತುದಿವರೆಗೆ ತುಂಬಿದರೆ, ನೀರೊಂದೇ 4.5 ಟನ್ ತಳ್ಳುತ್ತದೆ. ಮಣ್ಣಿನದ್ದೂ ಸೇರಿದರೆ ಒಟ್ಟು ದುಪ್ಪಟ್ಟಿಗೂ ಜಾಸ್ತಿ. ಒಣ ಮಣ್ಣಿನ ಲೆಕ್ಕಕ್ಕೆ ಕಟ್ಟಿದ ಗೋಡೆ ಇದನ್ನು ತಡೆಯುವುದಿಲ್ಲ. ಅದಕ್ಕೇ ಗೋಡೆಯಲ್ಲಿ ನೀರಿನ ತೂತುಗಳನ್ನು ಬಿಡುವುದು.

ತೂತು ಇದ್ದರೆ ಸಾಕಾ? ಗಾಳಿಬೀಡು ಕಡೆಯ ಒಂದು ಸೈಟಿನಲ್ಲಿ ಸೈಜುಗಲ್ಲಿನ ಗೋಡೆ ನಡುವಿನಲ್ಲಿ ಮುಂದಕ್ಕೆ ಬಂದಿತ್ತು. ಮೂರು ದಿನ ಸುರಿದು ಮಳೆ ಆಗ ತಾನೇ ಬಿಟ್ಟಿತ್ತು. ಗೋಡೆಯಲ್ಲಿ ಸಾಲಾಗಿ ಪಿವಿಸಿ ತುಂಡುಗಳಿದ್ದವು. "ಸಾರ್, ತೂತು ಇಟ್ಟಿದ್ದೀವಲ್ಲ, ಒಂದು ಹನಿ ನೀರೂ ಬರ್ತಿಲ್ಲ. ಹಿಂದೆ ನೀರೇ ಇಲ್ಲ ಅಂತ ಕಾಣುತ್ತೆ" ಎಂದರು ಮೇಸ್ತ್ರಿ. ಆದರೆ ಪೈಪುಗಳ ಸುತ್ತಲಿನ ಗಾರೆ ಕಪ್ಪಗೆ ಒದ್ದೆಯಾಗಿತ್ತು. ಕಲ್ಲಿನ ಸಂದಿಗಳಲ್ಲಿ ಪಾಚಿ ಇತ್ತು, ಬಿಳಿ ಸುಣ್ಣದ ಗೆರೆಗಳು ಇಳಿದಿದ್ದವು. ಗೋಡೆಯ ಉಬ್ಬಿದ ಭಾಗದಿಂದ ದೂರ, ಕೊನೆಯಲ್ಲಿ ಬದಿಗೆ ನಿಂತು ಅಲ್ಲಿನ ಪೈಪಿನೊಳಗೆ ಎಂಟು ಎಂ.ಎಂ. ಸರಳು ತೂರಿಸಿದೆವು. ಒಂದಡಿ ಹೋಗಿ ಮೆತ್ತಗಿನದ್ದಕ್ಕೆ ತಾಗಿತು. ಇನ್ನೊಂದು ಗೇಣು ಒತ್ತಿ ಎಳೆದಾಗ ಸರಳಿನ ತುದಿಗೆ ಬಿಳಿ ಜೇಡಿ ಅಂಟಿಕೊಂಡು ಬಂತು, ಅದರ ಹಿಂದೆಯೇ ನೀರು ಚಿಮ್ಮಿತು. ಮೊದಲು ಕೆಸರು, ಆಮೇಲೆ ತಿಳಿ. ಸಂಜೆಯವರೆಗೂ ನಿಲ್ಲಲಿಲ್ಲ.

ಆ ಗೋಡೆಯ ಹಿಂದೆ ಜಲ್ಲಿಯೇ ಇರಲಿಲ್ಲ. ಕಡಿದು ತೆಗೆದ ಜೇಡಿಯನ್ನೇ ಹಿಂದಕ್ಕೆ ತುಂಬಿದ್ದರು. ಪೈಪು ಜೇಡಿಯೊಳಗೆ ಕೊನೆಯಾಗಿತ್ತು. ಇಂಥ ತೂತು ಕಣ್ಣಿಗೆ ಸಮಾಧಾನ ಕೊಡುತ್ತದೆ, ನೀರಿಗೆ ದಾರಿ ಕೊಡುವುದಿಲ್ಲ.

ಹಾಗಾಗಿ ಜೋರು ಮಳೆಯ ನಂತರ ತೂತುಗಳು ಒಣಗಿದ್ದರೆ ಅದನ್ನು ಒಳ್ಳೆಯ ಸುದ್ದಿ ಎಂದುಕೊಳ್ಳಬೇಡಿ. ಗೋಡೆ ಒದ್ದೆ, ತೂತು ಒಣ ಎಂದರೆ ಕಟ್ಟಿಕೊಂಡಿದೆ. ಗೋಡೆಯೂ ಒಣ, ತೂತೂ ಒಣ ಎಂದರೆ ನಿಜವಾಗಿಯೂ ನೀರಿಲ್ಲ. ತೂತಿನಿಂದ ತಿಳಿ ನೀರು ಬರುತ್ತಿದ್ದರೆ ಗೋಡೆ ಸರಿಯಾಗಿ ಕೆಲಸ ಮಾಡುತ್ತಿದೆ. ಕೆಸರು ನೀರು ಬರುತ್ತಲೇ ಇದ್ದರೆ ಹಿಂದಿನ ಮಣ್ಣು ತೊಳೆದು ಹೋಗುತ್ತಿದೆ, ಒಳಗೆ ಪೊಳ್ಳಾಗುತ್ತಿದೆ. ಜಲ್ಲಿಗೂ ಮಣ್ಣಿಗೂ ನಡುವೆ ಸೋಸುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಕಿಲ್ಲ ಎಂದು ಅರ್ಥ.

ಇನ್ನೂ ಎರಡು ಕಾರಣ ಪದೇ ಪದೇ ಸಿಗುತ್ತವೆ. ಒಂದು, ಗೋಡೆ ಚೆನ್ನಾಗಿ ಕಾಣಲಿ ಎಂದು ಮುಂಭಾಗಕ್ಕೆ ಗಾರೆ ಮಾಡಿಸಿ ತೂತುಗಳನ್ನೇ ಮುಚ್ಚಿರುತ್ತಾರೆ. ಇನ್ನೊಂದು, ಚಾವಣಿಯ ನೀರಿನ ಪೈಪನ್ನು ಗೋಡೆಯ ಹಿಂದಿನ ಮಣ್ಣಿಗೇ ಬಿಟ್ಟಿರುತ್ತಾರೆ. 1500 ಚದರಡಿ ಚಾವಣಿಯ ಮೇಲೆ ದಿನಕ್ಕೆ 100 ಮಿ.ಮೀ. ಬಿದ್ದರೆ ಸುಮಾರು 14,000 ಲೀಟರ್. ಅಷ್ಟೂ ಗೋಡೆಯ ಬೆನ್ನಿಗೆ. ಇದನ್ನು ಸರಿಮಾಡಲು ಇಪ್ಪತ್ತಡಿ ಪೈಪು ಸಾಕು, ಹಾಗಾಗಿ ಎಲ್ಲಕ್ಕಿಂತ ಮೊದಲು ಇದನ್ನೇ ನೋಡಿ.

ಹೊಸದಾಗಿ ಕಟ್ಟುವುದಾದರೆ ಮೂರಿಂಚು ಅಥವಾ ನಾಲ್ಕಿಂಚಿನ ತೂತುಗಳನ್ನು ಮೀಟರಿನಿಂದ ಒಂದೂವರೆ ಮೀಟರ್ ಅಂತರಕ್ಕೆ, ಮೇಲಿನ ಸಾಲು ಕೆಳಗಿನ ಸಾಲಿಗೆ ನೇರ ಬಾರದ ಹಾಗೆ ಇಡಿ. ಹೊರಕ್ಕೆ ಸ್ವಲ್ಪ ಇಳಿಜಾರಿರಲಿ. ಹಿಂದೆ ಒಂದಡಿ ದಪ್ಪ ಜಲ್ಲಿ, ಜಲ್ಲಿಯ ಬೆನ್ನಿಗೆ ಬಟ್ಟೆ. ಹಳೆ ಗೋಡೆಗೆ ಒಳಗಿಂದ ಜಲ್ಲಿ ತುಂಬಲು ಆಗದು. ಅಲ್ಲಿ ಮುಂಭಾಗದಿಂದ ಕೊರೆದು, ಬಟ್ಟೆ ಸುತ್ತಿದ ತೂತಿನ ಪೈಪನ್ನು ಮಣ್ಣಿನೊಳಗೆ ಆಳಕ್ಕೆ ತೂರಿಸಬೇಕು. ಗೋಡೆ ಆಗಲೇ ಉಬ್ಬಿದ್ದರೆ ಈ ಕೆಲಸ ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಮಾಡಿಸಬೇಡಿ, ಮಳೆಗಾಲದಲ್ಲಂತೂ ಬೇಡವೇ ಬೇಡ. ಕೊರೆಯುವ ಅದುರಿಗೇ ಗೋಡೆ ಬರಬಹುದು.

ದೋಷ: ಬರೆ ಜರಿಯುತ್ತಿದೆ, ತುಂಬಿದ ಮಣ್ಣು ಕೂರುತ್ತಿದೆ

ಬರೆಯ ಬುಡದಲ್ಲಿ ಎಷ್ಟೇ ಚರಂಡಿ ಮಾಡಿದರೂ ತಲೆಯಲ್ಲಿ ಚರಂಡಿ ಇಲ್ಲದಿದ್ದರೆ ನೀರು ಬರೆಯ ಮೈಮೇಲೇ ಇಳಿಯುತ್ತದೆ. ತಲೆ ಚರಂಡಿ ಇದೆಯಾ ನೋಡಿ. ಇದ್ದರೆ ಅದು ಎಲ್ಲಿದೆ ಎಂಬುದೂ ಮುಖ್ಯ. ಅಂಚಿಗೆ ತಾಗಿ ತೋಡಿದ ಮಣ್ಣಿನ ಚರಂಡಿ ಬರೆಯನ್ನು ಕಾಯುವುದಿಲ್ಲ, ಅದೇ ಬರೆಯೊಳಗೆ ನೀರು ಇಳಿಸುತ್ತದೆ. ಅಂಚಿನಿಂದ ಮೂರರಿಂದ ಐದು ಮೀಟರ್ ಹಿಂದೆ ಇರಬೇಕು. ಒಳಗೆ ಕಾಂಕ್ರೀಟೋ, ಕಲ್ಲೋ, ಕೊನೆಗೆ ದಪ್ಪ ಪ್ಲಾಸ್ಟಿಕ್ ಹಾಳೆಯೋ ಇರಬೇಕು. ಎಲೆ ಕಟ್ಟಿ ನೀರು ನಿಂತ ತಲೆ ಚರಂಡಿ, ಚರಂಡಿಯೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ಬರೆಯ ಅಂಚಿನಲ್ಲಿ ಹಳೆಯ ಬಿರುಕು ಇದ್ದು, ಅಗಲವಾಗದೆ ನಿಂತಿದ್ದರೆ ಜೇಡಿ ಮಣ್ಣು ತುಂಬಿ ಗುದ್ದಿ, ಮೇಲೆ ಟಾರ್ಪಾಲ್ ಹಾಸಿ. ಎರಡು ಬದಿಗೆ ಗೂಟ ನೆಟ್ಟು ನಡುವಿನ ಅಂತರವನ್ನು ಟೇಪಿನಲ್ಲಿ ಅಳೆದು ದಿನಾಂಕದ ಜೊತೆ ಬರೆದಿಡಿ. ಮಳೆ ಬಿಟ್ಟ ಮೇಲೆ ಬರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ, ಲಾವಂಚ ನೆಡಿಸಿ. ಲಾವಂಚದ ಬೇರು ನೆಟ್ಟಗೆ ಆಳಕ್ಕೆ ಇಳಿಯುತ್ತದೆ, ಮೇಲಿನ ಮಣ್ಣನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಇಪ್ಪತ್ತಡಿ ಆಳದಲ್ಲಿ ಜಾರುತ್ತಿರುವ ನೆಲವನ್ನು ಯಾವ ಹುಲ್ಲೂ ಹಿಡಿಯುವುದಿಲ್ಲ.

ಸೈಟು ಮಟ್ಟ ಮಾಡುವಾಗ ಮೇಲಿನಿಂದ ಕಡಿದ ಮಣ್ಣನ್ನು ಕೆಳಗಿನ ಅಂಚಿಗೆ ತಳ್ಳುತ್ತಾರಲ್ಲ, ಕೂರುವುದು ಆ ಭಾಗ. ಜೆಸಿಬಿ ಬಕೆಟಿನಲ್ಲಿ ತಟ್ಟಿದರೆ ಮಣ್ಣು ಬಿಗಿಯಾಗುವುದಿಲ್ಲ. ಒಂದಡಿಗಿಂತ ಕಡಿಮೆ ದಪ್ಪದ ಪದರ ಹಾಕಿ ರೋಲರ್ ಓಡಿಸಬೇಕು. ಅದರ ಮೊದಲು ಹಳೆ ನೆಲದ ಹುಲ್ಲು, ಬೇರು ಕಿತ್ತು ಮೆಟ್ಟಿಲು ಕಡಿದಿರಬೇಕು. ಇನ್ನೊಂದು ವಿಷಯ ತಪ್ಪದೆ ವಿಚಾರಿಸಿ: ತುಂಬಿದ ಜಾಗದಲ್ಲಿ ಮೊದಲು ಕೊಲ್ಲಿ (ಗುಡ್ಡದಿಂದ ನೀರು ಇಳಿಯುವ ತಗ್ಗು) ಅಥವಾ ಒರತೆ ಇತ್ತಾ? ಊರಿನ ಹಿರಿಯರಿಗೆ ಗೊತ್ತಿರುತ್ತದೆ. ಇದ್ದರೆ ಅಡಿಯಲ್ಲಿ ಕಲ್ಲಿನ ಕಾಲುವೆ ಕೊಡದೆ ಆ ಜಾಗ ಎಂದೂ ನಿಲ್ಲುವುದಿಲ್ಲ. ಕೊಲ್ಲಿಯನ್ನು ಮುಚ್ಚಿದರೂ ನೀರು ತನ್ನ ಹಳೆ ದಾರಿಯಲ್ಲೇ ಬರುತ್ತದೆ.

ಇಂಗು ಗುಂಡಿ ಎಲ್ಲಿ ಬೇಡ

ಮಳೆನೀರು ಇಂಗಿಸಿ ಎಂದು ಎಲ್ಲೆಡೆ ಹೇಳುತ್ತಾರೆ. ಬಯಲಿನಲ್ಲಿ ಅದು ಸರಿಯಾದ ಮಾತು. ಕಡಿದ ಬರೆಯ ತಲೆಯಲ್ಲಿ, ತಡೆಗೋಡೆಯ ಹಿಂದೆ, ತುಂಬಿದ ಮಣ್ಣಿನಲ್ಲಿ ಇಂಗು ಗುಂಡಿ ತೋಡುವುದು ಅಪಾಯ. ಎಲ್ಲಿ ನೀರು ಒಳಗೆ ಹೋಗಬಾರದೋ ಅಲ್ಲಿಗೇ ಕೈಯಾರೆ ಇಳಿಸಿದ ಹಾಗಾಗುತ್ತದೆ. ಇಳಿಜಾರಿನ ಸೈಟಿನಲ್ಲಿ ಚಾವಣಿ ನೀರನ್ನು ಟ್ಯಾಂಕಿಗೆ ಹಿಡಿಯಿರಿ, ತುಂಬಿ ಮಿಕ್ಕಿದ್ದನ್ನು ಗಟ್ಟಿ ಚರಂಡಿಯಲ್ಲಿ ತೋಡಿನವರೆಗೆ ಇಳಿಸಿ.

ದೋಷ: ಮಳೆಯೇ ಇಲ್ಲ, ಲೇಔಟಿನಲ್ಲಿ ನೀರು ಏರುತ್ತಿದೆ

ಇದು ಕುಶಾಲನಗರದ ಕಡೆಯ ತೊಂದರೆ. ಇಲ್ಲಿ ಮಾತ್ರ ಕಾರಣವನ್ನು ಮೇಲಲ್ಲ, ಕೆಳಗೆ ಹುಡುಕಬೇಕು. ಭಾಗಮಂಡಲ, ಮಡಿಕೇರಿ ಕಡೆ ಸುರಿದ ಮಳೆ ಕಾವೇರಿಯಲ್ಲಿ ಬರುತ್ತದೆ. ಕೆಳಗೆ ಕೂಡಿಗೆಯಲ್ಲಿ ಹಾರಂಗಿಯೂ ಬಂದು ಸೇರುತ್ತದೆ. ನದಿಯ ಮಟ್ಟ ಚರಂಡಿಯ ಬಾಯಿಗಿಂತ ಮೇಲೇರಿದರೆ ಚರಂಡಿ ಹಿಮ್ಮುಖವಾಗಿ ಹರಿಯುತ್ತದೆ. 2018ರಲ್ಲೂ 2019ರಲ್ಲೂ ನದಿ ಪಕ್ಕದ ಬಡಾವಣೆಗಳು ಮುಳುಗಿದವು. ಒಂದು ಎಲೆ ಅಥವಾ ಥರ್ಮಾಕೋಲ್ ತುಂಡು ಚರಂಡಿಗೆ ಹಾಕಿ ನೋಡಿ, ಯಾವ ಕಡೆ ಹೋಗುತ್ತದೆ ಎಂದು. ಒಳಮುಖವಾಗಿ ಬಂದರೆ ಚರಂಡಿ ಅಗಲ ಮಾಡುವುದರಿಂದ ಇನ್ನಷ್ಟು ನೀರು ಒಳಗೆ ಬರುತ್ತದೆ, ಅಷ್ಟೆ. ಚರಂಡಿಯ ಬಾಯಿಗೆ ಒಂದೇ ಕಡೆ ತೆರೆಯುವ ಬಾಗಿಲು ಬೇಕು. ಸಣ್ಣ ಏರಿಕೆಗೆ ಅದು ಸಾಕು. ನದಿ ದಂಡೆಯನ್ನೇ ದಾಟಿ ಬರುವ ನೆರೆಗೆ ಅದೂ ಉತ್ತರವಲ್ಲ. ಅಂಥ ಕಡೆ ಸೈಟು ಕೊಳ್ಳುವ ಮೊದಲು ಅಕ್ಕಪಕ್ಕದ ಮನೆಗಳ ಗೋಡೆಯಲ್ಲಿ ಉಳಿದಿರುವ ನೀರಿನ ಗುರುತು ನೋಡಿ ಬನ್ನಿ.

ಕೆಳಗಿನವರ ತಕರಾರು ಬಂದಾಗ

ನೀರು ನಿಮ್ಮ ಸೈಟು ದಾಟಿದ ಕೂಡಲೇ ಜವಾಬ್ದಾರಿ ಮುಗಿಯುವುದಿಲ್ಲ. 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆ ಮೊದಮೊದಲು ಜಾರಿಗೆ ಬಂದ ಪ್ರದೇಶಗಳಲ್ಲಿ ಕೊಡಗೂ ಒಂದು. ಮೇಲಿನ ಜಮೀನಿನಲ್ಲಿ ಸಹಜವಾಗಿ ಬಿದ್ದ ನೀರು ಸಹಜವಾಗಿ ಇಳಿಯಲು ಕೆಳಗಿನವರು ಬಿಡಬೇಕು ಎನ್ನುತ್ತದೆ ಅದು. ಆದರೆ ಚಾವಣಿ, ಅಂಗಳ, ರಸ್ತೆಯ ನೀರನ್ನೆಲ್ಲ ಒಟ್ಟುಗೂಡಿಸಿ ಒಂದೇ ಪೈಪಿನಲ್ಲಿ ಪಕ್ಕದವರ ಗದ್ದೆಯ ಏರಿಗೆ ಬಿಟ್ಟರೆ ಆ ರಕ್ಷಣೆ ಕೇಳುವುದು ಕಷ್ಟ. ತಕರಾರು ಬಂದರೆ ಪೈಪಿನ ಬಾಯಿ ನೋಡಿ. ಅದರ ಕೆಳಗೆ ಗುಂಡಿ ಬಿದ್ದಿದ್ದರೆ ನೀರು ವೇಗವಾಗಿ ಬೀಳುತ್ತಿದೆ. ಕಡಿದಾದ ಕಡೆ ಚರಂಡಿಯನ್ನು ಮೆಟ್ಟಿಲಾಗಿ ಇಳಿಸಿ, ಕೊನೆಯಲ್ಲಿ ದಪ್ಪ ಕಾಡುಗಲ್ಲು ಹಾಸಿ, ತೋಡಿಗೇ ಸೇರಿಸಿ. ಕೆಳಗಿನವರನ್ನು ಕರೆದು ತೋರಿಸಿ ಮಾಡಿಸುವುದು ಒಳ್ಳೆಯದು. ಅವರ ಗದ್ದೆಗೆ ನೀರು ಯಾವ ಮೂಲೆಯಿಂದ ಬಂದರೆ ತೊಂದರೆಯಿಲ್ಲ ಎಂಬುದು ಅವರಿಗೇ ಚೆನ್ನಾಗಿ ಗೊತ್ತು.

ರಿಪೇರಿ ಯಾವಾಗ, ಪರೀಕ್ಷೆ ಹೇಗೆ

ಮಳೆಗಾಲದಲ್ಲಿ ಮಾಡಬೇಕಾದದ್ದು ಎರಡೇ: ತಾತ್ಕಾಲಿಕವಾಗಿ ನೀರು ತಿರುಗಿಸುವುದು, ಮತ್ತು ನೋಡಿ ದಾಖಲಿಸುವುದು. ಮಳೆ ಜೋರಾಗಿರುವಾಗ, ಅಪಾಯವಿಲ್ಲದ ಕಡೆ ನಿಂತು ನೀರು ಬರುವ ದಾರಿಯನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ. ಬೇಸಿಗೆಯಲ್ಲಿ ಬರುವ ಎಂಜಿನಿಯರಿಗೆ ಒಣ ನೆಲ ಮಾತ್ರ ಕಾಣುತ್ತದೆ, ನಿಮ್ಮ ವಿಡಿಯೋ ಇದ್ದರೆ ಊಹೆ ಮಾಡಬೇಕಾಗಿಲ್ಲ. ಮಣ್ಣು ಕಡಿಯುವ, ಗೋಡೆ ಬಿಚ್ಚುವ ಕೆಲಸವೆಲ್ಲ ಪುತ್ತರಿ ಹಬ್ಬ (ನವೆಂಬರ್-ಡಿಸೆಂಬರ್) ಆದ ಮೇಲೆ ಶುರುವಾಗಲಿ, ಏಪ್ರಿಲ್ ಗುಡುಗು ಮಳೆಗೆ ಮೊದಲು ಹೊದಿಕೆಯೂ ಸೇರಿ ಮುಗಿಯಲಿ.

ಮುಗಿದ ಮೇಲೆ ಮಳೆಗೆ ಕಾಯದೆ ಪರೀಕ್ಷೆ ಮಾಡಿ. 5000 ಲೀಟರಿನ ಟ್ಯಾಂಕರ್ ತರಿಸಿ, ಗಟ್ಟಿ ತಳ ಇರುವ ತಲೆ ಚರಂಡಿಗೆ ಹತ್ತು ನಿಮಿಷದಲ್ಲಿ ಖಾಲಿಯಾಗುವ ಹಾಗೆ ಬಿಡಿಸಿ. ಅದು ಸೆಕೆಂಡಿಗೆ ಸುಮಾರು 8 ಲೀಟರ್, ಮೇಲೆ ಲೆಕ್ಕ ಹಾಕಿದ ತೋಟದ ಮೇ ತಿಂಗಳ ಹರಿವಿನಷ್ಟು. ಒಬ್ಬರು ಮೇಲೆ ನಿಲ್ಲಿ, ಒಬ್ಬರು ತಿರುವಿನಲ್ಲಿ, ಒಬ್ಬರು ತೋಡಿನ ಬಾಯಲ್ಲಿ. ಎಲ್ಲಿ ಚೆಲ್ಲುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಬಿರುಕಿನೊಳಗೆ ಮಾಯವಾಗುತ್ತದೆ ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ನೀರು ನಿಂತ ಬಳಿಕ ಗೋಡೆಯ ತೂತುಗಳನ್ನು ಸಂಜೆ ಒಮ್ಮೆ, ಮರುದಿನ ಬೆಳಗ್ಗೆ ಒಮ್ಮೆ ನೋಡಿ. ಚರಂಡಿಗೆ ಬಿಟ್ಟ ನೀರು ಅಲ್ಲಿ ಕಂಡರೆ, ಎಲ್ಲೋ ಸೋರಿ ಮಣ್ಣಿಗೆ ಇಳಿದಿದೆ. ಮೇಸ್ತ್ರಿಯ ಕೊನೆಯ ಬಿಲ್ಲನ್ನು ಅಲ್ಲಿಯವರೆಗೆ ತಡೆದಿಡಿ.